ಸಪ್ತತಂತ್ರಿಯ ಸಾಧಕ: ಪಿಟೀಲು ಚೌಡಯ್ಯನವರು

ನಾದವು ಮನುಷ್ಯನಿಗೆ ದೈವದತ್ತವಾದ ಸಂಪತ್ತು. ಕಂಠದಲ್ಲಿ ಹುಟ್ಟಿದ ನಾದಕ್ಕೆ ಆಸರೆಯಾಗಿ ಅವನು ಬಿದಿರು, ಮರ, ಚರ್ಮ, ಲೋಹಗಳಿಂದ ವಾದ್ಯಗಳನ್ನು ನಿರ್ಮಿಸಿಕೊಂಡನು. ಕಂಠವು ವಯಸ್ಸಾದಂತೆ ಕುಗ್ಗುತ್ತದೆ. ವಾದ್ಯವಾದರೋ ವಯಸ್ಸಾದಷ್ಟೂ ಮಾಗುತ್ತದೆ ಎಂಬ ನಂಬಿಕೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ನಮ್ಮ ಗದಗ, ಲಕ್ಷ್ಮೇಶ್ವರ, ಕುಂದಗೋಳ, ಧಾರವಾಡದ ಸೀಮೆಯಲ್ಲಿ ಸಂಗೀತದ ಮನೆತನಗಳನ್ನು ಹೊಕ್ಕು ನೋಡಿದವರಿಗೆ ಇದು ಹೊಸ ಮಾತಲ್ಲ. ಮೀರಜಿನ ಶಿಕಲಗಾರ ಮನೆತನದವರು ಕುಂಬಳದ ಬುರುಡೆಗೆ ಮರವನ್ನು ಕೂಡಿಸಿ ಮಾಡಿದ ಹಳೆಯ ತಂಬೂರಿಯೊಂದು ಮನೆಯಲ್ಲಿದ್ದರೆ ಅದನ್ನು ಹಿರಿಯರಂತೆಯೇ ಗೌರವಿಸುವುದುಂಟು. ಹೊಸ ತಂಬೂರಿಗೆ ಆ ಜವಾರಿ ಎಲ್ಲಿಂದ ಬರಬೇಕು ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ.

ಇದೇ ಪ್ರಶ್ನೆಯು ಪಾಶ್ಚಾತ್ಯ ದೇಶಗಳಲ್ಲಿ ಪಿಟೀಲನ್ನು ಕುರಿತು ಇನ್ನೂರು ವರ್ಷಗಳಿಂದ ಚರ್ಚೆಯಲ್ಲಿದೆ. ಮುನ್ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಮಾಡಿದ ಪಿಟೀಲುಗಳ ನಾದವನ್ನು ಇಂದಿನ ಕುಶಲಿಗಳು ಮಾಡಿದ ಪಿಟೀಲುಗಳು ಸರಿಗಟ್ಟಬಲ್ಲವೇ? ಈ ಪ್ರಶ್ನೆಗೆ ವಿಜ್ಞಾನಿಗಳು ಕೊಟ್ಟ ಉತ್ತರವನ್ನು ಮುಂದೆ ನೋಡೋಣ. ಅದಕ್ಕೆ ಮೊದಲು, ಪಿಟೀಲೆಂಬ ವಾದ್ಯವು ಹೇಗಿದೆಯೋ ಹಾಗೆಯೇ ಇರಬೇಕೆಂಬ ನಿಯಮವನ್ನು ಒಪ್ಪದೆ, ಅದಕ್ಕೆ ತನ್ನ ಅಗತ್ಯಕ್ಕೆ ತಕ್ಕ ಹೊಸ ರೂಪವನ್ನು ಕೊಟ್ಟ ಕನ್ನಡಿಗರೊಬ್ಬರ ಜೀವನವನ್ನು ಸ್ಮರಿಸುವುದು ಉಚಿತ. ಅವರೇ ಸಂಗೀತ ಕಲಾನಿಧಿ, ಮೈಸೂರು ಆಸ್ಥಾನ ವಿದ್ವಾನ್ ಟಿ. ಚೌಡಯ್ಯನವರು. ಅವರ ಬಾಳು ಈ ಪ್ರಶ್ನೆಯ ಮೇಲೆ ಬೆಳಕು ಬೀರುತ್ತದೆ; ವಿದ್ಯಾರ್ಥಿಗಳಿಗೂ ಅವರಿಗೆ ಕಲಿಸುವವರಿಗೂ ಒಂದು ದಾರಿಯನ್ನು ತೋರಿಸುತ್ತದೆ.

ಮೈಸೂರು ಸೀಮೆಯ ತಿರುಮಕೂಡಲು ಕಾವೇರಿ ಕಪಿಲೆಯರು ಕೂಡುವ ಪುಣ್ಯಕ್ಷೇತ್ರ. ಕಣ್ಣಿಗೆ ಕಾಣುವ ಎರಡು ನದಿಗಳೊಡನೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಕೂಡುತ್ತದೆಂಬುದು ಆಸ್ತಿಕರ ನಂಬಿಕೆ. ಆದುದರಿಂದಲೇ ಇದು ತ್ರಿಮಕೂಟ. ದಂಡೆಯ ಮೇಲೆ ಅಗಸ್ತ್ಯೇಶ್ವರನ ಗುಡಿಯಿದೆ. ಈ ಊರಿನಲ್ಲಿ ಅಗಸ್ತ್ಯೇಗೌಡರು ಮತ್ತು ಸುಂದರಮ್ಮನವರೆಂಬ ದಂಪತಿಗಳ ಮಗನಾಗಿ 1895ನೆಯ ಇಸವಿಯ ಜನವರಿ 1ರಂದು ಚೌಡಯ್ಯನವರು ಜನಿಸಿದರು. ಒಕ್ಕಲುತನದ ಮನೆ. ಸಂಗೀತವು ಕೆಲವೇ ಮನೆತನಗಳ ಸೊತ್ತೆಂದು ಭಾವಿಸಲಾಗಿದ್ದ ಆ ಕಾಲದಲ್ಲಿ, ಆಸ್ಥಾನದ ಸಂಪ್ರದಾಯಗಳಿಂದ ದೂರವಿದ್ದ ಹಳ್ಳಿಯ ಬಾಲಕನೊಬ್ಬನು ಪಿಟೀಲನ್ನು ಕೈಗೆತ್ತಿಕೊಂಡುದೇ ಒಂದು ವಿಶೇಷ. ಮುಂದೆ ಕೀರ್ತಿಶಿಖರವನ್ನೇರಿದ ಮೇಲೂ ಅವರು ಹುಟ್ಟಿದೂರನ್ನು ಮರೆಯಲಿಲ್ಲ. ತಾವು ರಚಿಸಿದ ಕೃತಿಗಳಿಗೆ ತ್ರಿಮಕೂಟವೆಂಬುದನ್ನೇ ಅಂಕಿತವಾಗಿ ಇರಿಸಿಕೊಂಡರು.

ಆ ಬಾಲಕನ ಕೈಗೆ ಬಂದ ವಾದ್ಯವೂ ದಕ್ಷಿಣದೇಶಕ್ಕೆ ಬಂದು ಆಗಿನ್ನೂ ನೂರು ವರ್ಷ ಕಳೆದಿದ್ದಿತಷ್ಟೆ. ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಈ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರು. ತಂಜಾವೂರಿನ ವಡಿವೇಲು ಅದನ್ನು ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರ ಆಸ್ಥಾನದಲ್ಲಿ ಮೆರೆಸಿ, 1834ರಲ್ಲಿ ದಂತದ ಪಿಟೀಲನ್ನು ಬಹುಮಾನವಾಗಿ ಪಡೆದರು. ನಮ್ಮವರು ಈ ವಾದ್ಯವನ್ನು ಹಾಗೆಯೇ ಸ್ವೀಕರಿಸಲಿಲ್ಲ. ನಿಂತು ಗದ್ದಕ್ಕೆ ಆನಿಸಿ ನುಡಿಸುತ್ತಿದ್ದುದನ್ನು ಪದ್ಮಾಸನದ ಕಲೆಗೆ ತಂದು, ತಲೆಯ ಸುರುಳಿಯನ್ನು ಬಲಗಾಲಿನ ಹಿಮ್ಮಡಿಯ ಬಳಿ ಊರಿ, ಎಡಗೈಯನ್ನು ಗಮಕಕ್ಕೆ ಬಿಡುಗಡೆಗೊಳಿಸಿದರು. ಪಾಶ್ಚಾತ್ಯರ ಶ್ರುತಿಕ್ರಮವನ್ನು ಬಿಟ್ಟು ಷಡ್ಜ ಪಂಚಮಗಳ ಕ್ರಮದಲ್ಲಿ ತಂತಿಗಳನ್ನು ಕೂಡಿಸಿದರು. ಮರದ ಪೆಟ್ಟಿಗೆ ಅದೇ. ಅದರಿಂದ ಹೊಮ್ಮುವ ನಾದವು ಮಾತ್ರ ನಮ್ಮದಾಯಿತು. ವಾದ್ಯವು ಸಂಗೀತಕ್ಕೆ ಬಾಗಬೇಕೆ ಹೊರತು ಸಂಗೀತವು ವಾದ್ಯಕ್ಕೆ ಬಾಗಬಾರದೆಂಬ ಈ ತತ್ತ್ವವನ್ನು ಚೌಡಯ್ಯನವರು ಮುಂದೆ ಇನ್ನೂ ಒಂದು ಹೆಜ್ಜೆ ಮುಂದಕ್ಕೊಯ್ದರು.

1910ರಲ್ಲಿ ಅವರಿಗೆ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರ ಆಶ್ರಯವು ದೊರೆಯಿತು. ಕರಾವಳಿಯ ನಂದಳಿಕೆಯಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಕೇವಲ ಕಂಠದ ಬಲದಿಂದ ಮೈಸೂರಿನ ಆಸ್ಥಾನದವರೆಗೆ ಏರಿಬಂದ ಮಹನೀಯರು ಕೃಷ್ಣಪ್ಪನವರು. ಅವರು ಗಾಯಕರು; ಶಿಷ್ಯನು ಪಿಟೀಲುವಾದಕ. ಈ ಸಂಯೋಗದಿಂದಲೇ ಚೌಡಯ್ಯನವರ ವಾದನವು ಗಾಯನದ ಮಾರ್ಗದಲ್ಲಿ ನಡೆಯಿತೆಂದು ಹೇಳಬೇಕು. ಹಾಡುವವನ ಉಸಿರಿನಂತೆ ಕಮಾನು ದೀರ್ಘವಾಗಿ ಚಲಿಸಬೇಕು, ಸಾಹಿತ್ಯದ ಅಕ್ಷರವು ತಂತಿಯಲ್ಲಿ ಕೇಳಿಸಬೇಕು, ತಾಳದ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು ಎಂಬುದು ಆ ಗುರುಕುಲದ ನಿಯಮವಾಗಿದ್ದಿತು. 1918ರವರೆಗೆ ನಡೆದ ಈ ಶಿಕ್ಷಣವು ಕಠೋರವಾಗಿದ್ದಿತು. ಬೆಳಗಿನ ಜಾವದಿಂದ ಸಾಧನೆ, ಗುರುವಿನ ಸೇವೆ, ಗುರುವಿನ ಕಚೇರಿಗಳಲ್ಲಿ ಪಕ್ಕವಾದ್ಯ. ಅಲ್ಲಿ ತಪ್ಪಿದರೆ ಸಭೆಯೆಂದು ಗುರುವು ಸುಮ್ಮನಿರುತ್ತಿರಲಿಲ್ಲ. ಆ ಅಗ್ನಿಯಲ್ಲಿ ಬೆಂದು ಬಂದ ಚಿನ್ನ ಚೌಡಯ್ಯನವರು.

ಆ ಕಾಲದ ಕಚೇರಿಯ ಸ್ವರೂಪವನ್ನು ಇಂದಿನ ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಸಂಗೀತವು ಅರಮನೆಯ ತೊಟ್ಟಿಯಿಂದಲೂ ಶ್ರೀಮಂತರ ಹಜಾರದಿಂದಲೂ ಹೊರಬಂದು ಗುಡಿಯ ಅಂಗಳಕ್ಕೆ, ಉತ್ಸವದ ಚಪ್ಪರಕ್ಕೆ, ಸಂಗೀತಸಭೆಗಳ ವಿಶಾಲವಾದ ಮಂಟಪಗಳಿಗೆ ಬಂದಿದ್ದಿತು. ಐವತ್ತು ಜನರು ಕುಳಿತು ಕೇಳುತ್ತಿದ್ದ ಕಡೆ ಸಾವಿರ ಜನರು ಸೇರತೊಡಗಿದರು. ಧ್ವನಿವರ್ಧಕವೆಂಬುದು ಇನ್ನೂ ಬಂದಿರಲಿಲ್ಲ. ಗಾಯಕರು ಎತ್ತರದ ಶ್ರುತಿಯಲ್ಲಿ ಕಂಠವನ್ನು ಬಿಟ್ಟು ಹಾಡುತ್ತಿದ್ದರು; ಮೃದಂಗದ ಘಾತವು ಕೊನೆಯ ಸಾಲಿನವರೆಗೆ ಮುಟ್ಟುತ್ತಿದ್ದಿತು. ನಡುವೆ ಪಿಟೀಲಿನ ತೆಳುವಾದ ನಾದವು ಮುಂದಿನ ಕೆಲವು ಸಾಲುಗಳಲ್ಲಿಯೇ ಕರಗಿಹೋಗುತ್ತಿದ್ದಿತು. ವಾದಕನು ಎಷ್ಟು ಬೆವರು ಸುರಿಸಿದರೂ ಹಿಂದೆ ಕುಳಿತ ಬಡ ರಸಿಕನಿಗೆ ಅದು ಕೇಳಿಸುತ್ತಿರಲಿಲ್ಲ. ಈ ಕೊರತೆಯು ಚೌಡಯ್ಯನವರನ್ನು ಕಾಡಿತು.

ಇದಕ್ಕೆ ಪರಿಹಾರವೇನು? ಪರದೇಶದ ಬೆಲೆಬಾಳುವ ಪುರಾತನ ವಾದ್ಯವೊಂದನ್ನು ಸಂಪಾದಿಸುವುದು ಒಂದು ದಾರಿ. ಅದು ರಾಜಮಹಾರಾಜರಿಗೆ ಸಾಧ್ಯವಾದ ಮಾತು. ಚೌಡಯ್ಯನವರು ಬೇರೆ ದಾರಿಯನ್ನು ಹಿಡಿದರು. ಕೈಯಲ್ಲಿದ್ದ ವಾದ್ಯದ ರಚನೆಯನ್ನೇ ಪರೀಕ್ಷೆಗೆ ಒಡ್ಡಿದರು. ಹಲವು ಪ್ರಯೋಗಗಳ ಫಲವಾಗಿ 1920ರ ದಶಕದ ಉತ್ತರಾರ್ಧದಲ್ಲಿ ಅವರ ಏಳು ತಂತಿಯ ಪಿಟೀಲು ಸಿದ್ಧವಾಯಿತು. ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಕೂಡಿಸಿದುದೇ ಅದರ ಮರ್ಮ. ಜೊತೆತಂತಿಯು ಅದೇ ಸ್ವರವನ್ನು ಬೇರೊಂದು ಸ್ಥಾಯಿಯಲ್ಲಿ ನುಡಿಯುತ್ತದೆ. ಹೀಗಾಗಿ ಕಮಾನಿನ ಒಂದೇ ಎಳೆತಕ್ಕೆ ಎರಡು ಸ್ಥಾಯಿಗಳ ಸ್ವರವು ಒಟ್ಟಿಗೆ ಹೊರಡುತ್ತದೆ. ಹಿರಿಯ ಕಂಠವೂ ಎಳೆಯ ಕಂಠವೂ ಕೂಡಿ ಹಾಡಿದಂತೆ ನಾದವು ತುಂಬಿಕೊಂಡು ಮಂಟಪದ ಕೊನೆಯನ್ನು ಮುಟ್ಟುತ್ತದೆ.

ಇದು ಹೇಳುವಷ್ಟು ಸುಲಭವಾದ ಕಾರ್ಯವಲ್ಲ. ಪಿಟೀಲಿನ ಮೇಲ್ಹಲಗೆಯು ಒಂದೆರಡು ಕಾಳಿನಷ್ಟು ದಪ್ಪದ್ದು. ತಂತಿಗಳು ಹೆಚ್ಚಿದಂತೆ ಕುದುರೆಯ ಮೇಲೆ ಬೀಳುವ ಭಾರವೂ ಹೆಚ್ಚುತ್ತದೆ. ಕುದುರೆಯಿಂದ ಹಲಗೆಗೆ, ಹಲಗೆಯಿಂದ ಒಳಗಿನ ಗೂಟಕ್ಕೆ ಆ ಭಾರವು ಇಳಿಯುತ್ತದೆ. ಭಾರವು ಮೀರಿದರೆ ನಾದವು ಉಸಿರುಗಟ್ಟುತ್ತದೆ. ಬಿರಡೆಗಳು ಹೆಚ್ಚಿದಂತೆ ಶ್ರುತಿ ಮಾಡುವ ಶ್ರಮವೂ ಹೆಚ್ಚುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಒಂದು ಕೂದಲೆಳೆ ಅತ್ತಿತ್ತಲಾದರೂ ಅಪಸ್ವರವು ಇಮ್ಮಡಿಯಾಗಿ ಕೇಳಿಸುತ್ತದೆ. ನಾಲ್ಕು ತಂತಿಯಲ್ಲಿ ಮರೆಯಾಗಬಹುದಾದ ದೋಷವು ಏಳು ತಂತಿಯಲ್ಲಿ ಬಯಲಿಗೆ ಬರುತ್ತದೆ. ಎಂಟು ವರ್ಷಗಳ ಗುರುಕುಲದ ಸಾಧನೆಯಿಲ್ಲದ ಕೈಗೆ ಈ ವಾದ್ಯವು ಶಾಪವಾಗುತ್ತಿದ್ದಿತು. ಚೌಡಯ್ಯನವರ ಕೈಯಲ್ಲಿ ಅದು ವರವಾಯಿತು.

ಗುರುಗಳು ಬದುಕಿದ್ದಾಗಲೇ ಈ ಹೊಸ ವಾದ್ಯವು ಸಭೆಗೆ ಬಂದಿತು. ಕೃಷ್ಣಪ್ಪನವರಂತಹ ನಿಷ್ಠುರ ಶ್ರೋತೃವಿನ ಎದುರಿನಲ್ಲಿ, ಸಂಪ್ರದಾಯಪ್ರಿಯರಾದ ಮೈಸೂರಿನ ರಸಿಕರ ನಡುವೆ ಅದು ನಿಲ್ಲಬೇಕಾಗಿದ್ದಿತು. ಎಲ್ಲರೂ ಮೆಚ್ಚಿದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಾದವು ಗಡಸಾಯಿತೆಂದು ಕೆಲವರಿಗೆ ಅನ್ನಿಸಿತು. ಪಿಟೀಲಿನ ಸಹಜವಾದ ಸೌಕುಮಾರ್ಯವು ಕುಂದಿತೆಂದು ಮತ್ತೆ ಕೆಲವರು ಭಾವಿಸಿದರು. ಅದೇ ಕಾಲದಲ್ಲಿ ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು ನಾಲ್ಕು ತಂತಿಯ ಪಿಟೀಲಿನಲ್ಲಿಯೇ ಮೃದುಮಧುರವಾದ ನಾದವನ್ನು ಹೊಮ್ಮಿಸಿ ಜನಮನವನ್ನು ಸೂರೆಗೊಂಡಿದ್ದರು. ಕುಂಭಕೋಣದ ರಾಜಮಾಣಿಕ್ಯಂ ಪಿಳ್ಳೆಯವರು ಪಕ್ಕವಾದ್ಯದ ಔಚಿತ್ಯಕ್ಕೆ ಮಾದರಿಯಾಗಿದ್ದರು. ಈ ಮೂವರನ್ನು ಆ ಕಾಲದ ಪಿಟೀಲುವಾದನದ ತ್ರಿಮೂರ್ತಿಗಳೆಂದು ರಸಿಕರು ಗೌರವಿಸಿದರು. ಒಬ್ಬರದು ಹೊಸ ವಾದ್ಯ, ಇಬ್ಬರದು ರೂಢಿಯ ವಾದ್ಯ. ಮೂವರ ಕೀರ್ತಿಯೂ ಸಮಾನ. ಇದರಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವು ಅಡಗಿದೆಯೆಂದು ತಿಳಿಯಬೇಕು.

ಚೌಡಯ್ಯನವರ ಕೀರ್ತಿಯು ಮೈಸೂರಿನ ಎಲ್ಲೆಯನ್ನು ದಾಟಿ ದಕ್ಷಿಣದೇಶವನ್ನೆಲ್ಲ ವ್ಯಾಪಿಸಿತು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಮೊದಲಾದ ಮಹಾವಿದ್ವಾಂಸರಿಗೆ ಅವರು ಪಕ್ಕವಾದ್ಯವನ್ನು ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರ ಸಿಂಹಕಂಠ, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಏಳು ತಂತಿಯ ಪಿಟೀಲು ಒಂದೇ ವೇದಿಕೆಯ ಮೇಲೆ ಕೂಡಿದಾಗ ಆ ಸಂಗಮವು ತ್ರಿಮಕೂಟದಂತೆಯೇ ಶೋಭಿಸುತ್ತಿದ್ದಿತು. ಚೆಂಬೈಯವರ ಕಂಚಿನ ಕಂಠಕ್ಕೆ ಸರಿದೊರೆಯಾಗಿ ನಿಲ್ಲಬಲ್ಲ ತಂತಿವಾದ್ಯವನ್ನು ಏಳು ತಂತಿಗಳು ಒದಗಿಸಿಕೊಟ್ಟವು. 1939ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಿತು. ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅವರನ್ನು ಅರಸಿಕೊಂಡು ಬಂದಿತು.

ಗುರುಭಕ್ತಿಯಲ್ಲಿ ಅವರು ಅದ್ವಿತೀಯರು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವು 1931ರಲ್ಲಿ ಅವರು ಕಾಲವಾದ ಮೇಲೆ ಕಳೆಗುಂದದಂತೆ ನೋಡಿಕೊಂಡವರಲ್ಲಿ ಚೌಡಯ್ಯನವರು ಮುಖ್ಯರು. ಅಲ್ಲಿಯ ಸಂಗೀತೋತ್ಸವಗಳಿಗೆ ನಾಡಿನ ಹಿರಿಯ ವಿದ್ವಾಂಸರು ಬಂದು ಹಾಡುವುದನ್ನು ತಮ್ಮ ಭಾಗ್ಯವೆಂದು ಭಾವಿಸುತ್ತಿದ್ದರು. ವಿದ್ಯಾದಾನದ ಸಲುವಾಗಿ ಚೌಡಯ್ಯನವರು ಅಯ್ಯನಾರ್ ಸಂಗೀತ ಶಾಲೆಯನ್ನು ನಡೆಸಿದರು. 1943ರಲ್ಲಿ ತೆರೆಕಂಡ ವಾಣಿ ಎಂಬ ಕನ್ನಡ ಚಲನಚಿತ್ರಕ್ಕಾಗಿಯೂ ದುಡಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಸಂಗೀತವೇ ಕಥೆಯ ಜೀವಾಳ. ಕಲೆಯು ಹೊಸ ಮಾಧ್ಯಮಕ್ಕೆ ಅಂಜಬೇಕಾಗಿಲ್ಲವೆಂಬ ಅವರ ಧೋರಣೆಯು ಇಲ್ಲಿಯೂ ಕಾಣುತ್ತದೆ.

ಇನ್ನು ಇಟಲಿಯ ಪುರಾತನ ಪಿಟೀಲುಗಳ ವಿಷಯಕ್ಕೆ ಬರೋಣ. ಕ್ರೆಮೋನಾ ಎಂಬ ಪಟ್ಟಣದಲ್ಲಿ 1737ರಲ್ಲಿ ಕಾಲವಾದ ಆಂಟೋನಿಯೋ ಸ್ಟ್ರಾಡಿವರಿ ಎಂಬ ಕುಶಲಿಯೂ, 1744ರಲ್ಲಿ ಕಾಲವಾದ ಗ್ವಾರ್ನೇರಿ ಎಂಬ ಕುಶಲಿಯೂ ಈ ಕಲೆಯ ಭಗೀರಥರೆಂದು ಪ್ರಸಿದ್ಧರು. ಸ್ಟ್ರಾಡಿವರಿಯು ತನ್ನ ದೀರ್ಘಾಯುಷ್ಯದಲ್ಲಿ ಸಾವಿರಕ್ಕೂ ಮಿಕ್ಕಿ ವಾದ್ಯಗಳನ್ನು ಮಾಡಿದನು. ಅವುಗಳಲ್ಲಿ ಸುಮಾರು ಆರುನೂರೈವತ್ತು ಉಳಿದಿವೆ. ಅವನ ಪಿಟೀಲೊಂದು 2011ರಲ್ಲಿ ಜಪಾನಿನ ಭೂಕಂಪ ಸಂತ್ರಸ್ತರ ನೆರವಿಗಾಗಿ ಹರಾಜಾದಾಗ ಸುಮಾರು 1 ಕೋಟಿ 59 ಲಕ್ಷ ಡಾಲರಿಗೆ ಹೋಯಿತು. ಆ ನಾದದ ಗುಟ್ಟೇನೆಂದು ಪಂಡಿತರು ತಲೆಕೆಡಿಸಿಕೊಂಡರು. ಚಳಿ ಹೆಚ್ಚಿದ್ದ ಶತಮಾನದಲ್ಲಿ ನಿಧಾನವಾಗಿ ಬೆಳೆದ ಮರದ ಸಾಂದ್ರತೆಯೇ ಕಾರಣವೆಂದು ಕೆಲವರು, ಮರಕ್ಕೆ ಕೊಟ್ಟ ಖನಿಜಗಳ ಸಂಸ್ಕಾರವೇ ಕಾರಣವೆಂದು ಕೆಲವರು, ಮೆರುಗೆಣ್ಣೆಯೇ ಕಾರಣವೆಂದು ಮತ್ತೆ ಕೆಲವರು ವಾದಿಸಿದರು.

ಇಲ್ಲಿ ಬಹುಜನರಿಗೆ ತಿಳಿಯದ ಸಂಗತಿಯೊಂದಿದೆ. ಸ್ಟ್ರಾಡಿವರಿಯ ಕೈಯಿಂದ ಹೊರಟ ರೂಪದಲ್ಲಿಯೇ ಇಂದು ನುಡಿಯುತ್ತಿರುವ ಪಿಟೀಲುಗಳು ಇಲ್ಲವೆನ್ನುವಷ್ಟು ವಿರಳ. ಐರೋಪ್ಯ ದೇಶಗಳಲ್ಲಿಯೂ ಸಂಗೀತವು ಶ್ರೀಮಂತರ ಕೋಣೆಗಳಿಂದ ದೊಡ್ಡ ಸಭಾಭವನಗಳಿಗೆ ಬಂದಾಗ ಅಲ್ಲಿಯವರಿಗೂ ನಾದವು ಸಾಲದಾಯಿತು. ಹಳೆಯ ಪಿಟೀಲುಗಳ ಕತ್ತನ್ನು ತೆಗೆದು ಉದ್ದವಾದ, ಹಿಂದಕ್ಕೆ ಬಾಗಿದ ಕತ್ತನ್ನು ಕೂಡಿಸಿದರು. ಒಳಗಿನ ಆಸರೆಯ ಪಟ್ಟಿಯನ್ನು ಬದಲಿಸಿ ಬಲವಾದುದನ್ನು ಅಂಟಿಸಿದರು. ಕುದುರೆಯನ್ನು ಎತ್ತರಿಸಿದರು. ಕಾಲಕ್ರಮದಲ್ಲಿ ಕರುಳಿನ ತಂತಿಯ ಸ್ಥಾನಕ್ಕೆ ಲೋಹದ ತಂತಿ ಬಂದಿತು. ಪುರಾತನವೆಂದು ಲೋಕವು ಕೊಂಡಾಡುವ ನಾದದಲ್ಲಿ ಹತ್ತೊಂಬತ್ತನೆಯ ಶತಮಾನದ ಬಡಗಿಗಳ ಪಾಲೂ ಇದೆಯೆಂದಾಯಿತು. ತಿರುಮಕೂಡಲಿನ ಚೌಡಯ್ಯನವರು ಎದುರಿಸಿದ ಸಮಸ್ಯೆಯನ್ನೇ ಅವರೂ ಎದುರಿಸಿದರು. ಅವರು ಕತ್ತನ್ನು ಬದಲಿಸಿದರು, ಇವರು ತಂತಿಗಳನ್ನು ಹೆಚ್ಚಿಸಿದರು.

ಹಾಗಿದ್ದರೆ ಹಳೆಯ ನಾದವನ್ನು ಹೊಸ ನಾದದಿಂದ ಬೇರ್ಪಡಿಸಿ ಗುರುತಿಸುವುದು ಕಿವಿಗೆ ಸಾಧ್ಯವೇ? 1977ರಲ್ಲಿ ಬಿಬಿಸಿಯವರು ತೆರೆಯ ಮರೆಯಲ್ಲಿ ನಾಲ್ಕು ಪಿಟೀಲುಗಳನ್ನು ನುಡಿಸಿದರು. ಅವುಗಳಲ್ಲಿ ಸ್ಟ್ರಾಡಿವರಿಯದೊಂದು, ಗ್ವಾರ್ನೇರಿಯದೊಂದು, ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕುಶಲಿಯದೊಂದು, ಆಗತಾನೆ ಮಾಡಿದುದೊಂದು. ಕೇಳುತ್ತಿದ್ದವರು ಸಾಮಾನ್ಯರಲ್ಲ, ಐಸಾಕ್ ಸ್ಟರ್ನ್ ಮತ್ತು ಪಿಂಕಾಸ್ ಜುಕರ್‌ಮನ್ ಎಂಬ ಜಗತ್ಪ್ರಸಿದ್ಧ ವಾದಕರು, ಚಾರ್ಲ್ಸ್ ಬೇರ್ ಎಂಬ ಹಳೆಯ ವಾದ್ಯಗಳ ಪರೀಕ್ಷಕರು. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚನ್ನು ಯಾರೊಬ್ಬರೂ ಸರಿಯಾಗಿ ಗುರುತಿಸಲಿಲ್ಲ.

ಮುಂದೆ ಕ್ಲೋಡಿಯಾ ಫ್ರಿಟ್ಜ್ ಎಂಬ ವಿಜ್ಞಾನಿಯೂ ಜೋಸೆಫ್ ಕರ್ಟಿನ್ ಎಂಬ ಪಿಟೀಲುಗಾರನೂ ಸಂಗಡಿಗರೊಡನೆ ಇನ್ನೂ ಬಿಗಿಯಾದ ಪರೀಕ್ಷೆಗಳನ್ನು ನಡೆಸಿದರು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ 21 ಮಂದಿ ವಾದಕರಿಗೆ ವಾದ್ಯವು ಕಾಣದಂತೆ ಕಪ್ಪು ಕನ್ನಡಕವನ್ನು ತೊಡಿಸಿ, ಮೂರು ಹೊಸ ಮತ್ತು ಮೂರು ಹಳೆಯ ಪಿಟೀಲುಗಳನ್ನು ನುಡಿಸಲು ಕೊಟ್ಟರು. ಹೆಚ್ಚಿನವರ ಮೆಚ್ಚುಗೆಯು ಹೊಸ ವಾದ್ಯಕ್ಕೆ ಸಂದಿತು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದುದು ಸ್ಟ್ರಾಡಿವರಿಯದೊಂದು. ಹೋಟೆಲಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ನುಡಿಸಿದರೆ ಏನು ತಿಳಿದೀತು ಎಂಬ ಆಕ್ಷೇಪ ಬಂದಿತು. ಆದುದರಿಂದ 2012ರಲ್ಲಿ ಪ್ಯಾರಿಸಿನ ಸಮೀಪದಲ್ಲಿ ಹತ್ತು ಮಂದಿ ಪ್ರಸಿದ್ಧ ವಾದಕರಿಗೆ ಆರು ಹಳೆಯ, ಆರು ಹೊಸ ವಾದ್ಯಗಳನ್ನು ಕೊಟ್ಟು, ಸಭಾಭವನದಲ್ಲಿಯೂ ನುಡಿಸಲು ಅವಕಾಶ ಕಲ್ಪಿಸಿದರು. ಅವರಲ್ಲಿ ಆರು ಮಂದಿ ಹೊಸ ವಾದ್ಯವನ್ನೇ ಆರಿಸಿಕೊಂಡರು. ಯಾವುದು ಹಳೆಯದು, ಯಾವುದು ಹೊಸದೆಂದು ಊಹಿಸಿ ಹೇಳುವಲ್ಲಿಯೂ ಅವರು ಸೋತರು. ಕೇಳುಗರನ್ನು ಕೂಡಿಸಿ ಪ್ಯಾರಿಸಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ನಡೆಸಿದ ಪರೀಕ್ಷೆಯ ಫಲಿತಾಂಶವು 2017ರಲ್ಲಿ ಪ್ರಕಟವಾಯಿತು. ದೂರಕ್ಕೆ ಚೆನ್ನಾಗಿ ಕೇಳಿಸುವ ಗುಣದಲ್ಲಿ ಹೊಸ ಪಿಟೀಲುಗಳೇ ಒಟ್ಟಾರೆ ಮೇಲಾದವು.

ಈ ಪರೀಕ್ಷೆಗಳಿಂದ ಹಳೆಯ ವಾದ್ಯಗಳು ಹೀನವೆಂದು ಯಾರೂ ತಿಳಿಯಬಾರದು. ಪರೀಕ್ಷೆಗೆ ಬಂದ ವಾದ್ಯಗಳು ಕೆಲವೇ. ವಾದಕನು ಒಂದು ವಾದ್ಯದೊಡನೆ ಹತ್ತಾರು ವರ್ಷ ಬಾಳಿದಾಗ ಅದರಲ್ಲಿ ಕಂಡುಕೊಳ್ಳುವ ಸೂಕ್ಷ್ಮಗಳು ಒಂದೆರಡು ಗಂಟೆಗಳಲ್ಲಿ ಕಾಣುವಂಥವಲ್ಲ. ಹೊಸದೆಲ್ಲವೂ ಶ್ರೇಷ್ಠವೆಂಬುದೂ ಇದರ ಅರ್ಥವಲ್ಲ. ಅಲ್ಲಿ ಗೆದ್ದ ಹೊಸ ಪಿಟೀಲುಗಳು ಸಂತೆಯಲ್ಲಿ ಸಿಕ್ಕುವ ಅಗ್ಗದ ಸರಕಲ್ಲ. ಹಳೆಯ ಕುಶಲಿಗಳ ಅಳತೆಗಳನ್ನು ಭಕ್ತಿಯಿಂದ ಅಭ್ಯಾಸ ಮಾಡಿ, ಮರವನ್ನು ವರ್ಷಗಟ್ಟಲೆ ಒಣಗಿಸಿ, ಹಲಗೆಯನ್ನು ತಟ್ಟಿ ತಟ್ಟಿ ಕೇಳಿ ಹದಗೊಳಿಸಿದ ತಪಸ್ಸಿನ ಫಲಗಳವು. ಶ್ರದ್ಧೆಯು ಸಮನಾಗಿದ್ದಲ್ಲಿ ನಾದವೂ ಸಮನಾಗುತ್ತದೆ. ಹೆಸರನ್ನೂ ಬೆಲೆಯನ್ನೂ ಮರೆಮಾಡಿದಾಗ ಕಿವಿಯು ಪಕ್ಷಪಾತವನ್ನು ಬಿಡುತ್ತದೆ. ಇಷ್ಟನ್ನು ಆ ಪರೀಕ್ಷೆಗಳು ಸೂಚಿಸುತ್ತವೆ.

ಚೌಡಯ್ಯನವರ ಜೀವನವು ಈ ಮಾತಿಗೆ ಇನ್ನೊಂದು ಮಗ್ಗುಲನ್ನು ಕೂಡಿಸುತ್ತದೆ. 1930ರ ದಶಕದಿಂದ ಮುಂದೆ ಧ್ವನಿವರ್ಧಕವು ಸಂಗೀತಸಭೆಗಳನ್ನು ಪ್ರವೇಶಿಸಿತು. ಯಾವ ಕೊರತೆಯನ್ನು ನೀಗಿಸಲು ಏಳು ತಂತಿಯ ಪಿಟೀಲು ಹುಟ್ಟಿತೋ ಆ ಕೊರತೆಯನ್ನು ಯಂತ್ರವೇ ನೀಗಿಸತೊಡಗಿತು. ಮೆಲ್ಲಗೆ ನುಡಿಸಿದ ನಾಲ್ಕು ತಂತಿಯೂ ಕೊನೆಯ ಸಾಲಿಗೆ ಕೇಳಿಸತೊಡಗಿತು. ಏಳು ತಂತಿಯ ಕಠಿಣ ಸಾಧನೆಗೆ ಕೈಹಾಕುವ ತರುಣರು ಕಡಿಮೆಯಾದರು. ವಿದ್ವಾನ್ ಆರ್. ಆರ್. ಕೇಶವಮೂರ್ತಿಯವರು ಆ ಪರಂಪರೆಯನ್ನು ದೀರ್ಘಕಾಲ ಉಳಿಸಿಕೊಂಡು ಬಂದರು. ಆದರೂ ನಾಡಿನ ವೇದಿಕೆಗಳಲ್ಲಿ ನಾಲ್ಕು ತಂತಿಯ ಪಿಟೀಲೇ ನೆಲೆನಿಂತಿತು. ಹಾಗೆಂದು ಚೌಡಯ್ಯನವರ ಶ್ರಮವು ವ್ಯರ್ಥವಾಯಿತೇ? ಇಲ್ಲ. ಧ್ವನಿವರ್ಧಕವಿಲ್ಲದ ಒಂದು ಇಡೀ ತಲೆಮಾರಿನ ರಸಿಕರು, ಅದರಲ್ಲಿಯೂ ಹಿಂದಿನ ಸಾಲಿನಲ್ಲಿ ಕುಳಿತವರು, ಪಿಟೀಲನ್ನು ಅವರಿಂದಾಗಿ ಕಿವಿತುಂಬ ಕೇಳಿದರು. ಯಂತ್ರವು ಬಂದ ಮೇಲೂ ಅವರು ತಮ್ಮ ವಾದ್ಯವನ್ನು ಕೈಬಿಡಲಿಲ್ಲ. ಅಷ್ಟರಲ್ಲಿ ಆ ನಾದವೇ ಅವರ ವ್ಯಕ್ತಿತ್ವವಾಗಿದ್ದಿತು. ಒಂದು ಕಾಲದ ಅಗತ್ಯವನ್ನು ಪ್ರಾಮಾಣಿಕವಾಗಿ ಪೂರೈಸಿದ ಕೆಲಸವು ಕಾಲವು ಬದಲಾದರೂ ಗೌರವಕ್ಕೆ ಅರ್ಹವಾಗಿಯೇ ಉಳಿಯುತ್ತದೆ.

1967ನೆಯ ಇಸವಿಯ ಜನವರಿ 19ರಂದು, ಎಪ್ಪತ್ತೆರಡು ವರ್ಷಗಳ ಸಾರ್ಥಕ ಜೀವನವನ್ನು ಮುಗಿಸಿ ಚೌಡಯ್ಯನವರು ನಾದದಲ್ಲಿ ಲೀನರಾದರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವು ತೆರೆಯಿತು. ಆ ಕಟ್ಟಡವು ಪಿಟೀಲಿನ ಆಕಾರದಲ್ಲಿಯೇ ಇದೆ. ಮೇಲೆ ತಂತಿಗಳು, ಕುದುರೆ, ಬಿರಡೆ, ಪಕ್ಕದಲ್ಲಿ ಕಮಾನು ಎಲ್ಲವೂ ಇವೆ. ತಂತಿಗಳನ್ನು ಎಣಿಸಿದರೆ ಏಳು. ವಾದ್ಯವನ್ನು ಬದಲಿಸಿದವನಿಗೆ ನಾಡು ಸಲ್ಲಿಸಿದ ಕಾಣಿಕೆಯದು. ಕರ್ನಾಟಕ ಸರ್ಕಾರವು ಸಂಗೀತಗಾರರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತ ಬಂದಿದೆ.

ಮೈಸೂರು ನಮ್ಮಿಂದ ದೂರವಿರಬಹುದು, ಪಿಟೀಲು ದೂರದ್ದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ, ಕಾಸಿಲ್ಲದ ಮಕ್ಕಳಿಗೆ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ಸ್ವತಃ ಪುಟ್ಟರಾಜ ಗವಾಯಿಗಳು ಪಿಟೀಲನ್ನು ಬಲ್ಲವರಾಗಿದ್ದರು. ಅಲ್ಲಿ ಕಲಿತು ನಾಡಿನ ಮೂಲೆಮೂಲೆಗೆ ಹೋದ ಮಕ್ಕಳ ಕೈಯಲ್ಲಿದ್ದುದು ಕ್ರೆಮೋನಾದ ಪಿಟೀಲಲ್ಲ, ಪುರಾತನವಾದ ತಂಬೂರಿಯಲ್ಲ. ದಾನಿಗಳು ಭಕ್ತಿಯಿಂದ ಕೊಟ್ಟ ಸಾಮಾನ್ಯ ವಾದ್ಯಗಳು. ಅವುಗಳಿಂದಲೇ ಅವರು ಬದುಕನ್ನೂ ಕಟ್ಟಿಕೊಂಡರು, ನಾಡಿನ ಸಂಗೀತವನ್ನೂ ಬೆಳೆಸಿದರು.

ಬಾಳೆಹೊಸೂರಿನಂತಹ ಊರುಗಳ ಶಾಲೆಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಾರ್ಮೋನಿಯಂ ಎಳೆಯುವ ಹುಡುಗಿ, ತಬಲಾದ ಮೇಲೆ ಬೆರಳನ್ನಾಡಿಸುವ ಹುಡುಗ ನಮ್ಮ ಕಣ್ಣಮುಂದೆಯೇ ಇದ್ದಾರೆ. ಒಳ್ಳೆಯ ವಾದ್ಯವಿಲ್ಲವೆಂಬ ಕಾರಣದಿಂದ ಇಂತಹ ಮಗುವಿನ ಕಲಿಕೆಯು ನಿಲ್ಲಬಾರದು. ದಾನಿಗಳು ವಾದ್ಯವನ್ನು ಕೊಡುವಾಗ ಅದರ ಪ್ರಾಚೀನತೆಯನ್ನೂ ಬೆಲೆಯನ್ನೂ ನೋಡುವುದಕ್ಕಿಂತ, ಶ್ರುತಿಯು ನಿಲ್ಲುತ್ತದೆಯೇ, ಮರವು ಒಣಗಿ ಹದವಾಗಿದೆಯೇ, ಕೆಟ್ಟಾಗ ಸರಿಪಡಿಸುವವರಿದ್ದಾರೆಯೇ ಎಂಬುದನ್ನು ನೋಡಿದರೆ ಆ ದಾನವು ಸತ್ಪಾತ್ರಕ್ಕೆ ಸೇರುತ್ತದೆ. ಗುರುಗಳು ವಾದ್ಯದ ಕೊರತೆಯನ್ನು ಎಣಿಸುವ ಮೊದಲು ಶಿಷ್ಯನ ಕಿವಿಯನ್ನು ಹದಗೊಳಿಸಬೇಕು. ಹದಗೊಂಡ ಕಿವಿಯು ಕೈಯಲ್ಲಿರುವ ವಾದ್ಯದ ದೋಷವನ್ನು ತಾನೇ ಕಂಡುಕೊಂಡು, ಅದನ್ನು ತಿದ್ದುವ ಉಪಾಯವನ್ನೂ ಹುಡುಕುತ್ತದೆ. ತಿರುಮಕೂಡಲಿನ ಒಕ್ಕಲಿಗರ ಮಗನು ಗುರುವಿನ ಮನೆಯಲ್ಲಿ ಎಂಟು ವರ್ಷ ಕಿವಿಯನ್ನು ಹದಗೊಳಿಸಿಕೊಂಡ ಮೇಲೆಯೇ ಪಿಟೀಲಿಗೆ ಮೂರು ತಂತಿಗಳನ್ನು ಕೂಡಿಸಿದನೆಂಬುದನ್ನು ನಮ್ಮ ಮಕ್ಕಳು ಮರೆಯದಿರಲಿ.